ಕುಬಸದ ದಿನ ಲೈಟು ಬಂದ್ ಮಾಡಿಸಿದವರು

ನಮ್ಮ ಮನೆಯವರು ನೌಕರಿಯಲ್ಲಿದ್ದಷ್ಟು ಕಾಲ ರಾಮದುರ್ಗಕ್ಕೆ ಬೆಳಕು ಕೊಟ್ಟರು. ಕೊಡದ ದಿನ ಬೈಸಿಕೊಂಡರು. ಕರೆಂಟ್ ಆಫೀಸಿನಲ್ಲಿ ಕಂಬ ಹತ್ತುವವರಾಗಿ ಸೇರಿ, ಕಂಬ ಹತ್ತುವವರನ್ನು ಕೆಳಗೆ ನಿಂತು ಗದರಿಸುವವರಾಗಿ ನಿವೃತ್ತರಾದವರು. ಅಂಥವರು ಎಪ್ಪತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಕತ್ತಲೆಯ ಪಕ್ಷ ಸೇರುತ್ತಾರೆಂದು ಯಾರು ಎಣಿಸಿಯಾರು? ನಾನು ಬಿ.ಎ. ಓದಿದವಳು, ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಮಾಜ ಕಲಿಸಿದವಳು. ಮನುಷ್ಯರ ಬಗ್ಗೆ ಅಷ್ಟಿಷ್ಟು ತಿಳಿದಿದೆ ಎಂದುಕೊಂಡಿದ್ದೆ.

ಇದಕ್ಕೆಲ್ಲ ಕಾರಣ ಹುಬ್ಬಳ್ಳಿಯಿಂದ ಬಂದ ಒಂದು ಲೆನ್ಸು. ಕ್ಯಾಮರಾ ಮೊದಲೇ ಇತ್ತು. ನಿವೃತ್ತಿಯ ದಿನ ಆಫೀಸಿನವರು ಶಾಲು ಹೊದಿಸಿ ಕೈಗಿಟ್ಟಿದ್ದರು. ಅದು ಶಾಲಿನಲ್ಲೇ ಸುತ್ತಿಕೊಂಡು ಟ್ರೆಜರಿ ಕಪಾಟಿನಲ್ಲಿ ತಣ್ಣಗೆ ಮಲಗಿತ್ತು. ಅದನ್ನು ಎಬ್ಬಿಸಿದ್ದು ಈ ಲೆನ್ಸು. ಗಿಡ್ಡಗೆ, ದಪ್ಪಗೆ, ಕರ್ರಗೆ ಇತ್ತು. ಮುಂದೆ ಎಮ್ಮೆಯ ಕಣ್ಣಿನಂಥ ಗಾಜು.

ಅದನ್ನು ಮೊದಲು ನೋಡಿದವರು ಪಕ್ಕದ ಮನೆಯ ಮಕ್ತುಮಬಿ. ಮೊಸರಿಗೆ ಹೆಪ್ಪು ಕೇಳಲು ಬಂದಿದ್ದರು. ನಮ್ಮವರು ಅವರನ್ನು ಕೂಡಿಸಿ, ಲೆನ್ಸನ್ನು ಅಂಗೈಯಲ್ಲಿಟ್ಟುಕೊಂಡು ಪರಿಚಯ ಮಾಡಿಕೊಟ್ಟರು.

"ಇದರಾಗ ಝೂಮ್ ಇಲ್ಲ" ಎಂದರು. ನಮ್ಮ ಹುಡುಗನಿಗೆ ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ ಎಂದು ಹೆಣ್ಣಿನ ಕಡೆಯವರಿಗೆ ಹೇಳುವ ತಂದೆಯ ದನಿ ಅದು. "ತಾನಾ ಫೋಕಸ್ ಮಾಡೂದಿಲ್ಲ. ಎಲ್ಲಾ ಕೈಲೇ ತಿರುವಬೇಕು. ಫ್ಲ್ಯಾಶ್ ಅಂತೂ ಮುಟ್ಟೂದ ಇಲ್ಲ."

"ಅಣ್ಣಾರ, ಇಲ್ಲದ್ದನ್ನ ಎಲ್ಲಾ ಹೇಳಿದ್ರಿ" ಎಂದರು ಮಕ್ತುಮಬಿ. "ಇರೋದು ಏನೈತ್ರಿ ಅದರಾಗ?"

"ಬೆಳಕ ಕುಡೀತೈತಿ ಇದು! ಬಾಯಿ ಭಾಳ ಅಗಲ, ಒಂದು ಪಾಯಿಂಟ್ ನಾಲ್ಕು! ಚಿಮಣಿ ಬೆಳಕಿನ್ಯಾಗೂ ಮಾರಿ ಹಗಲ ಆದಂಗ ಕಾಣ್ತೈತಿ. ಮತ್ತ ವೈಡ್ ಐತಿ. ಇಡೀ ಪಡಸಾಲಿ ಒಂದ ಫೋಟೋದಾಗ ಬರ್ತೈತಿ."

"ಹಂಗಾರ ಹಗಲೊತ್ತಿನ್ಯಾಗ ತಗದ್ರ ಆತಲ್ಲರಿ?"

ನಮ್ಮವರು ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದು ಲೆನ್ಸು ಒರೆಸತೊಡಗಿದರು.

ಅಂದಿನಿಂದ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ದೀಪ ಹತ್ತುತ್ತಿರಲಿಲ್ಲ. ಅಡುಗೆಮನೆಯ ಟ್ಯೂಬ್‌ಲೈಟು ಬಂದ್. ನಾನು ಒಲೆಯ ಉರಿಯ ಬೆಳಕಿನಲ್ಲಿ ರೊಟ್ಟಿ ಬಡಿಯಬೇಕು, ಅವರು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಲೆನ್ಸಿನ ಫೋಕಸ್ ಬಳೆ ತಿರುವಬೇಕು. "ಎಡಕ್ಕ ತಿರುವಿದ್ರ ದೂರ, ಬಲಕ್ಕ ತಿರುವಿದ್ರ ಹತ್ರ" ಎಂದು ಮಂತ್ರದಂತೆ ಹೇಳಿಕೊಳ್ಳುತ್ತಿದ್ದರು. ಅದು ನನಗೇ ಬಾಯಿಪಾಠವಾಯಿತು. ವೈಡ್ ಲೆನ್ಸಾದ್ದರಿಂದ ದೂರ ನಿಂತರೆ ನಾನು ಇರುವೆಯಷ್ಟು ಕಾಣುತ್ತೇನಂತೆ, ಅದಕ್ಕೆ ಮೂಗಿಗೆ ಮೂಗು ತಗಲುವಷ್ಟು ಹತ್ತಿರ ಬರುತ್ತಿದ್ದರು. ಇಷ್ಟು ಹತ್ತಿರ ಅವರು ಮದುವೆಯ ಹೊಸತರಲ್ಲೂ ಬಂದವರಲ್ಲ.

ಫೋಟೋ ತೆಗೆಯುವಾಗ ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕುವುದು ಇನ್ನೊಂದು ರೂಢಿ. ಯಾಕೆಂದು ಕೇಳಿದೆ.

"ಗಾಜಿನ ಮ್ಯಾಲ ಗಾಜು ಯಾಕ? ಇಷ್ಟ ದೊಡ್ಡ ಗಾಜ ಮುಂದ ಇರೂಮುಂದ ಆ ಚಿಲ್ಲರ ಗಾಜ ಅಡ್ಡ ಬರ್ತಾವ."

"ಅಲ್ಲಾಡಬ್ಯಾಡ, ಅಲ್ಲಾಡಬ್ಯಾಡ" ಎನ್ನುವಷ್ಟರಲ್ಲಿ ರೊಟ್ಟಿ ಸುಡುತ್ತಿತ್ತು. ಸುಟ್ಟ ವಾಸನೆ ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮಕ್ತುಮಬಿ ಅರಿವೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ನಮ್ಮನ್ಯಾಗ ಜಾಸ್ತಿ ಆಗ್ಯಾವ್ರಿ ಅಕ್ಕಾರ." ಅವರ ಮನೆಯಲ್ಲಿ ದಿನವೂ ಜಾಸ್ತಿಯಾಗುತ್ತಿದ್ದವು. ವಾಸನೆಯ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ಇದೆಲ್ಲ ನಮ್ಮ ಮನೆಯೊಳಗಿನ ಮಾತಾಗಿದ್ದರೆ ನಾನು ಬರೆಯಲು ಕೂಡುತ್ತಿರಲಿಲ್ಲ. ಆದರೆ ನಮ್ಮ ಕಡೆಯ ಮಗಳು ವಿಜಯಳ ಕುಬಸ ಬಂತು.

ವಿಜಯ ತಡವಾಗಿ ಮದುವೆಯಾದವಳು. ಕೊಟ್ಟದ್ದು ಸವದತ್ತಿ ತಾಲೂಕಿನ ಮನೋಳಿಗೆ. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಕುಬಸದ ಖಣ, ಹಸಿರು ಬಳೆ, ಬುತ್ತಿ ತೆಗೆದುಕೊಂಡು ಅತ್ತೆಯ ಮನೆಗೆ ಹೋಗಬೇಕು. ಉಡಿ ತುಂಬಿ, ಆರತಿ ಮಾಡಿ, ಮಗಳನ್ನು ಬಾಣಂತನಕ್ಕೆ ಕರೆತರಬೇಕು. ಎಂಟನೇ ತಿಂಗಳಲ್ಲಿ ಬಸುರಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ವಿಜಯಳಿಗೆ ಎಂಟು ಬೀಳಲು ಇನ್ನು ವಾರವೂ ಇರಲಿಲ್ಲ. ಅಂದು ಕರೆತಂದರೆ ಬಂದಳು, ಇಲ್ಲದಿದ್ದರೆ ಒಂಬತ್ತರ ಭಾರ ಹೊತ್ತು ಆ ತಗ್ಗುದಿನ್ನೆಯ ದಾರಿಯಲ್ಲಿ ಬರಬೇಕು. ನಾನು ಕೋಣೆಗೆ ಸುಣ್ಣ ಹಚ್ಚಿಸಿದ್ದೆ. ಹೊರಸಿಗೆ ಹೊಸ ನವಾರು ಬಿಗಿಸಿದ್ದೆ. ಬಾಣಂತಿಗೆ ಕಟ್ಟುವ ಅಂಟಿನುಂಡಿಗೆ ಕೊಬ್ಬರಿ, ಉತ್ತತ್ತಿ ಡಬ್ಬಿಯಲ್ಲಿ ಕಾಯುತ್ತಿದ್ದವು.

ನಮ್ಮವರೂ ಒಂದು ತಯಾರಿ ಮಾಡಿದರು. ನನಗೆ ಹೇಳದೆ ಬೀಗತಿ ಗುರುಬಸವ್ವನವರಿಗೆ ಫೋನು ಮಾಡಿದರು. ಗುರುಬಸವ್ವನವರು ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ಆಳುಕಾಳು ಎಲ್ಲವನ್ನೂ ಒಂದೇ ದನಿಯಲ್ಲಿ ನಡೆಸಿದವರು. ಆ ದನಿ ಫೋನಿನ ಹೊರಗೂ ಕೇಳುತ್ತದೆ.

"ಫೋಟೋದವರಿಗೆ ಹೇಳಬ್ಯಾಡ್ರಿ ಬೀಗತಿಯವರ. ಹೇಳಿದ್ರೂ ಬ್ಯಾಡ ಅನ್ರಿ. ಫೋಟೋ ನನ್ನ ಜವಾಬ್ದಾರಿ."

"ನಿಮಗ್ಯಾಕ್ರಿ ಬೀಗ್ರ ತ್ರಾಸ? ನಮ್ಮ ಸಂದೀಪ ಹೇಳಿ ಬಂದಾನ."

"ಅವರು ಫ್ಲ್ಯಾಶ್ ಹೊಡದು ಮಂದಿ ಮಾರಿ ಸುಣ್ಣದ ಗ್ವಾಡಿ ಮಾಡ್ತಾರ. ಮಗಳ ಕುಬಸ, ನಾನ ತಗಿಯಾಂವ."

ಅಳಿಯ ಸಂದೀಪ ಒಳ್ಳೆಯ ಹುಡುಗ. ಮಾವನ ಮಾತು ಮೀರಬಾರದೆಂದು ಹೇಳಿ ಬಂದಿದ್ದ ಫೋಟೋದವನ ಕಾಲು ಹಿಡಿಯುವಷ್ಟು ಮಾಡಿ ಬೇಡ ಎಂದು ಬಂದ. ಒಳ್ಳೆಯತನದಿಂದ ಎಷ್ಟು ಕೆಡುಕಾಗುತ್ತದೆ ನೋಡಿ.

ಮಕ್ತುಮಬಿಯವರ ಗಂಡ ಹಜರತಸಾಬರಿಗೆ ಸ್ವಂತ ಕ್ರೂಸರ್ ಗಾಡಿ ಇದೆ. ಅದರಲ್ಲೇ ಹೊರಟೆವು. ಬುತ್ತಿಯ ಬುಟ್ಟಿಗಳು, ನಾನು, ಮಕ್ತುಮಬಿ ಹಿಂದೆ. ಮಡಿಲಲ್ಲಿ ಲೆನ್ಸನ್ನು ಕೂಸಿನಂತೆ ಇಟ್ಟುಕೊಂಡು ನಮ್ಮವರು ಮುಂದೆ. ಊಟದ ಹೊತ್ತಿಗೆ ಮುಟ್ಟಬೇಕಿತ್ತು. ತೊರಗಲ್ಲಿನ ಹತ್ತಿರ ಬಂದಾಗ ನಮ್ಮವರು "ಗಾಡಿ ನಿಂದರಸ್ರಿ" ಎಂದರು. ಕೋಟೆಯ ಫೋಟೋ ಆಗಬೇಕಂತೆ. ಆಯಿತು. ಮೋಡ ಬರಲಿ, ನೆರಳಾಗಲಿ ಎಂದು ಕಾದರು. ಮೋಡ ಬಂತು. ಬಳೆ ತಿರುವಿದರು. ಕಡೆಗೆ ಫೋಟೋ ತೆಗೆದು ಹಜರತಸಾಬರಿಗೆ ತೋರಿಸಿದರು.

ಹಜರತಸಾಬರು ಬಹಳ ಹೊತ್ತು ಹುಡುಕಿದರು. "ಸಾಹೇಬ್ರ, ಕೋಟಿ ಎಲ್ಲೈತ್ರಿ?"

"ನಡಕ ಐತಲ್ಲ!"

"ಇದಾ? ನಾ ಹುತ್ತ ಅಂತ ಮಾಡಿದ್ದೆ. ಅಷ್ಟ ದೊಡ್ಡ ಕೋಟಿನ ಇಷ್ಟ ಸಣ್ಣದ ಮಾಡಿದ್ರೆಲ್ರಿ! ಹಳಿ ರಾಜರು ಎದ್ದ ಬಂದ್ರ ಬಿಡೂದಿಲ್ರಿ ನಿಮ್ಮನ್ನ."

ಹೀಗೆ ರಾಜರಿಗೆ ಅವಮಾನ ಮಾಡಿ ಮನೋಳಿ ಮುಟ್ಟುವಾಗ ಹೊತ್ತು ಇಳಿದಿತ್ತು.

ಬೀಗರ ಮನೆ ಮದುವೆ ಮನೆಯ ಹಾಗೆ ಹೊಳೆಯುತ್ತಿತ್ತು. ಮುಂಬಾಗಿಲಿಗೆ ಸೀರಿಯಲ್ ಲೈಟು, ಪಡಸಾಲೆಗೆ ಹೊಸ ಟ್ಯೂಬು, ಕಂಬಕ್ಕೆಲ್ಲ ಬಣ್ಣಬಣ್ಣದ ಮಿಣಮಿಣ. ಸಂದೀಪ ತಾನೇ ಏಣಿ ಹತ್ತಿ ಕಟ್ಟಿದ್ದನಂತೆ. ನಡುವೆ ಮಣೆಯ ಮೇಲೆ ವಿಜಯ ಮುಡಿತುಂಬ ಹೂವು ಮುಡಿದು ಕೂತಿದ್ದಳು. ನಮ್ಮನ್ನು ಕಂಡು ಅವಳ ಮುಖ ಅರಳಿತು. ಅವಳ ಬಟ್ಟೆಯ ಚೀಲ ಆಗಲೇ ತಲೆಬಾಗಿಲ ಹತ್ತಿರ ತಯಾರಾಗಿ ಕೂತಿತ್ತು. ಅದನ್ನು ನೋಡಿ ನನ್ನ ಜೀವ ತಣ್ಣಗಾಯಿತು.

ಹೆಂಗಸರು ಆರತಿ ತಟ್ಟೆ ಹಿಡಿದು ಸೋಬಾನೆ ಹಾಡುತ್ತ ಎದ್ದರು. ನಮ್ಮವರು ಕನ್ನಡಕ ತೆಗೆದು ಜೇಬಿಗೆ ಹಾಕಿ, ಕೈಯೆತ್ತಿ, ಕಂಬದ ಕೆಳಗೆ ನಿಂತು ಹುಡುಗರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ ಕೂಗಿದರು. "ಲೈಟ್ ಎಲ್ಲಾ ಬಂದ್ ಮಾಡ್ರಿ!"

ಸೋಬಾನೆ ಅರ್ಧಕ್ಕೆ ನಿಂತಿತು.

"ಏನಂದ್ರಿ?" ಎಂದರು ಗುರುಬಸವ್ವನವರು.

"ಲೈಟ್ ಬಂದ್ ಮಾಡ್ರಿ. ಆರತಿ ಬೆಳಕ ಸಾಕು. ಇದು ಕತ್ತಲದಾಗ ತಗಿಯೋ ಲೆನ್ಸು."

"ಬೀಗ್ರ, ಕುಬಸದ ಮನ್ಯಾಗ ಕತ್ತಲ ಮಾಡಂತೀರಾ? ಓಣ್ಯಾಗಿನ ಮಂದಿ ಏನ್ ತಿಳಕೊಂತಾರ? ಬಿಲ್ ಕಟ್ಟಿಲ್ಲ ಅಂತಾರ!"

"ಹತ್ತ ನಿಮಿಷದ ಮಾತ್ರಿ. ಕರೆಂಟ್‌ನಾಗ ಕೂದಲ ಬೆಳ್ಳಗ ಮಾಡಕೊಂಡಾಂವ ನಾನು. ಬೆಳಕ ಅಂದ್ರ ಏನಂತ ನನಗ ಗೊತ್ತೈತಿ."

ಹೆಣ್ಣು ಕೊಟ್ಟವರ ಮಾತು, ಬಂದ ದಿನ ತೆಗೆದು ಹಾಕುವುದು ಚೆನ್ನಲ್ಲ ಎಂದು ಗುರುಬಸವ್ವನವರು ಹಲ್ಲು ಕಚ್ಚಿ ಮಗನಿಗೆ ಕಣ್ಣು ಮಾಡಿದರು. ಸಂದೀಪ ತಾನು ಕಟ್ಟಿದ ಮಿಣಮಿಣವನ್ನೆಲ್ಲ ತಾನೇ ಒಂದೊಂದಾಗಿ ಬಂದ್ ಮಾಡಿದ. ಅವನ ಮುಖ ನೋಡಲಾಗಲಿಲ್ಲ. ಪುಣ್ಯಕ್ಕೆ ಕತ್ತಲಾಗಿದ್ದರಿಂದ ಕಾಣಲಿಲ್ಲ.

ಆಮೇಲೆ ನಮ್ಮವರು ಬೇಟೆಗೆ ಹೊರಟರು. ಆರತಿ ಎತ್ತುವವರ ಬಗಲಲ್ಲಿ ನುಸುಳಿ ಒಬ್ಬೊಬ್ಬರ ಮುಖಕ್ಕೆ ಗೇಣುದ್ದ ಹತ್ತಿರ ಲೆನ್ಸು ಹಿಡಿದರು. ಹೆಂಗಸರು ಸೆರಗು ಎಳೆದುಕೊಂಡರು. ನಕ್ಕವರು ನಗು ಹಿಡಿದುಕೊಂಡೇ ನಿಂತರು. ಬಳೆ ತಿರುವಿ ಮುಗಿಯುವುದರೊಳಗೆ ಆ ನಗು ಹಳಸಿ ಸಿಟ್ಟಾಗುತ್ತಿತ್ತು.

ಗೋಡೆಗೆ ಆತು ಕೂತಿದ್ದವರು ಶಟ್ಟೆವ್ವ, ಗುರುಬಸವ್ವನವರ ಅತ್ತೆ. ಊರಲ್ಲಿ ಎಲ್ಲರಿಗಿಂತ ಹಿರಿಯರು. ಒಂದು ಕಣ್ಣಿಗೆ ಪೊರೆ ಬಂದಿದೆ. ಮುಖದ ಮುಂದೆ ಗಾಜು ಹಿಡಿದು ಒಬ್ಬ ಗಂಡಸು ಕುಕ್ಕರಿಸಿದ್ದು ಕಂಡು, ಸಾಲೆಯಲ್ಲಿ ನಡೆಯುವ ಕಣ್ಣಿನ ತಪಾಸಣೆಯವರು ಮನೆಗೇ ಬಂದರೆಂದು ತಿಳಿದು, ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ ಹಿಡಿದರು.

"ಇದನ್ನ ನೋಡ್ರಿ ಡಾಕ್ಟರ. ಬರೇ ನೀರ ಸುರೀತೈತಿ."

"ಅಲ್ಲಾಡಬ್ಯಾಡಬೇ ಯವ್ವಾ" ಎಂದರು ನಮ್ಮವರು, ಬಳೆ ತಿರುವುತ್ತ. "ಇನ್ನೂ ಮಬ್ಬ ಐತಿ."

"ಮಬ್ಬ ಐತಿ ಅಂತ ನಾನೂ ಹೇಳಾಕತ್ತೇನಿ!"

"ತಡಿ, ಸರಿ ಮಾಡ್ತೇನಿ."

"ಮಾಡಪ್ಪಾ. ನಿನ್ನ ಹೊಟ್ಟಿ ತಣ್ಣಗಿರ್ಲಿ."

ನಮ್ಮವರು ಕ್ಯಾಮರಾ ಕೆಳಗಿಟ್ಟರು. ಲೆನ್ಸು ಒರೆಸುವ ಮೆತ್ತನೆಯ ಬಟ್ಟೆಯನ್ನು ಜೇಬಿನಿಂದ ತೆಗೆದು ಆ ಮುದುಕಿಯ ಕಣ್ಣಿನ ನೀರನ್ನು ಹಗುರಾಗಿ ಒರೆಸಿದರು. ಆ ಬಟ್ಟೆಯನ್ನು ಅವರು ನನಗೆ ಮುಟ್ಟಲೂ ಕೊಟ್ಟವರಲ್ಲ. ಸಿಟ್ಟಿನಲ್ಲಿ ಕುದಿಯುತ್ತಿದ್ದರೂ ಇದನ್ನು ನಾನು ನೋಡಿದೆ. ನೋಡಿದ್ದಕ್ಕೆ ಸಿಟ್ಟು ಇನ್ನಷ್ಟು ಹೆಚ್ಚಿತು. ಬೈಯಲು ಕೂತಾಗ ಹೀಗೆ ನಡುವೆ ಒಳ್ಳೆಯದೊಂದನ್ನು ಮಾಡಿಬಿಡುತ್ತಾರೆ.

ಉಡಿ ತುಂಬಿದ್ದಾಯಿತು, ಎಲ್ಲರ ಗುಂಪು ಫೋಟೋ ಆಯಿತು, ಹೋಳಿಗೆ ಊಟ ಆಯಿತು. ಲೈಟು ಮತ್ತೆ ಹತ್ತಿದವು. ಇನ್ನು ಚೀಲ ಎತ್ತಿ ಗಾಡಿ ಹತ್ತುವುದಷ್ಟೇ ಬಾಕಿ. ಅಷ್ಟರಲ್ಲಿ ಸಂದೀಪ, "ಮಾವಾರ, ಫೋಟೋ ಟಿವ್ಯಾಗ ಹಾಕಿ ಎಲ್ಲಾರಿಗೂ ತೋರಸೂನ್ರಿ?" ಎಂದ. ನಮ್ಮವರು ರಾಜಠೀವಿಯಿಂದ ಕಾರ್ಡು ತೆಗೆದುಕೊಟ್ಟರು. ಕ್ಯಾಮರಾದ ಹಿಂದಿನ ಅಂಗೈಯಗಲದ ಪರದೆಯಲ್ಲಿ, ಅದೂ ಕನ್ನಡಕವಿಲ್ಲದೆ ನೋಡಿದಾಗ, ಎಲ್ಲವೂ ಅವರಿಗೆ ಚೆಂದವೇ ಕಂಡಿದ್ದವು.

ಇಡೀ ಓಣಿ ಟಿವಿಯ ಮುಂದೆ ಕೂತಿತು.

ಮೊದಲ ಚಿತ್ರದಲ್ಲಿ ಮಂಜು. ಮಂಜಿನ ನಡುವೆ ನಾವು ಒಯ್ದಿದ್ದ ಹಸಿರು ಬಳೆಯೊಂದು, ಅದರ ಮೇಲಿನ ಚುಕ್ಕೆ ಸಹಿತ, ಸ್ಪಷ್ಟವಾಗಿ.

"ಬಳಿ ಚೆಂದ ಬಂದೈತಿ" ಎಂದರು ಯಾರೋ ದಾಕ್ಷಿಣ್ಯಕ್ಕೆ. "ಕೈ ಯಾರದ್ರಿ?"

ಎರಡನೆಯದರಲ್ಲೂ ಮಂಜು. ನಮ್ಮ ಬುತ್ತಿಯ ಬುಟ್ಟಿಯ ಹೆಣಿಗೆ ಮಾತ್ರ ಒಂದೊಂದು ಎಳೆ ಎಣಿಸುವಂತೆ ಇತ್ತು.

ಮೂರನೆಯದು ಬಂತು. ನಡುವೆ ವಿಜಯ ಇದ್ದಳು. ಬಲತುದಿಯಲ್ಲಿ ಗುರುಬಸವ್ವನವರು. ವೈಡ್ ಲೆನ್ಸಿಗೆ ಒಂದು ಸ್ವಭಾವವಂತೆ: ನಡುವಿನವರನ್ನು ಇದ್ದಂತೆ ಬಿಡುತ್ತದೆ, ಅಂಚಿನವರನ್ನು ಹಿಡಿದು ಎಳೆಯುತ್ತದೆ. ಗುರುಬಸವ್ವನವರು ಚಿತ್ರದ ಅಂಚಿಗೆ ಹಬ್ಬಿ, ಜೋಳದ ಕಣಜದಂತಾಗಿ, ಚೌಕಟ್ಟಿನ ಆಚೆಗೂ ಮುಂದುವರಿದಿದ್ದರು.

"ಯಾರಿದು?" ಎಂದು ಕೇಳಿದರು ಗುರುಬಸವ್ವನವರು. ಅವರು ಎದ್ದು ಟಿವಿಯ ಹತ್ತಿರ ಹೋಗಿ ಸೀರೆಯ ಅಂಚು ನೋಡಿ ಗುರುತು ಹಿಡಿದರು. "ನಾನ? ಬೀಗ್ರ, ಇದರಾಗ ಬಸುರಿ ಯಾರು? ನನ್ನ ಸೊಸಿಯೋ, ನಾನೋ?"

ನಮ್ಮವರು ಗಂಟಲು ಸರಿಮಾಡಿಕೊಂಡು, "ಅಂಚಿಗೆ ನಿಂತ್ರ ಹಂಗ ಆಕ್ಕೈತ್ರಿ" ಎಂದರು.

"ನನ್ನ ಮನ್ಯಾಗ ನನ್ನ ಅಂಚಿಗೆ ನಿಂದ್ರಿಸಿದವರು ಯಾರು?"

ನಾಲ್ಕನೆಯದು ಗುಂಪು ಫೋಟೋ. ಮುಂದಿನ ಸಾಲಿನಲ್ಲಿ ಬೀಗರ ಬಳಗವೆಲ್ಲ ಪಟಕ ಸುತ್ತಿ, ಇಳಕಲ್ ಸೀರೆ ಉಟ್ಟು ನಿಂತಿದ್ದರು ಎಂದು ನಂಬಿಕೆಯ ಮೇಲೆ ಹೇಳಬೇಕು. ಕಂಡದ್ದು ಬಣ್ಣದ ಮೋಡಗಳು. ಆ ಮೋಡಗಳ ಹಿಂದೆ, ಹಿತ್ತಲ ಬಾಗಿಲಲ್ಲಿ, ನಮ್ಮ ಹಜರತಸಾಬರು ಬಾಯಿ ತೆರೆದು ಹೋಳಿಗೆಯ ತುತ್ತು ಇಟ್ಟುಕೊಳ್ಳುತ್ತಿದ್ದರು. ಅವರ ಮೀಸೆಯ ಒಂದೊಂದು ಕೂದಲು, ಹೋಳಿಗೆಯಿಂದ ಇಳಿಯುತ್ತಿದ್ದ ತುಪ್ಪದ ಹನಿ, ಹನಿಯೊಳಗಿನ ಮಿಣುಕು ಎಲ್ಲವೂ ಕಣ್ಣಿಗೆ ಕಟ್ಟಿದಂತೆ.

ನಿಜ ಹೇಳಬೇಕೆಂದರೆ ಅಷ್ಟು ಚೆಂದದ ಹೋಳಿಗೆಯ ಫೋಟೋ ನಾನು ನೋಡಿಲ್ಲ. ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

"ತಿಳೀತು ಬಿಡ್ರಿ" ಎಂದರು ಗುರುಬಸವ್ವನವರು, ಓಣಿಯ ಕಡೆ ತಿರುಗಿ. "ಬಳಿ ಅವರದು, ಕ್ಲಿಯರ್. ಬುಟ್ಟಿ ಅವರದು, ಕ್ಲಿಯರ್. ಡ್ರೈವರ್ ಅವರಾಂವ, ಕ್ಲಿಯರ್. ನಮ್ಮ ಬಳಗ ಅಷ್ಟೂ ಮಂಜ! ಲೈಟ್ ಬಂದ್ ಮಾಡಿಸಿದ್ದು ಇದಕ್ಕ!"

ಹಜರತಸಾಬರು ಕೂಡ ರೇಗಿದರು. "ನನ್ನ ಯಾಕ ನಡಕ ತರ್ತೀರಿ ಅಕ್ಕಾರ? ಹೋಳಿಗಿ ಬಿಸಿ ಇತ್ತು, ನಿಂತಲ್ಲೆ ತಿನ್ನಾಕತ್ತಿದ್ದೆ. ಫೋಟೋ ತಗೀತಾರಂತ ನನಗ ಯಾರ ಹೇಳ್ಯಾರ? ಬಾಯರ ಮುಚ್ಚಕೊಂತಿದ್ದಿಲ್ಲೇನ?"

"ನಿಮ್ಮದೇನ ತಪ್ಪಿಲ್ರಿ ಸಾಹೇಬ್ರ" ಎಂದರು ಗುರುಬಸವ್ವನವರು. ಅಷ್ಟು ಸಿಟ್ಟಿನಲ್ಲೂ ಒಳಗೆ ಕೂಗಿ ಹೇಳಿದರು: "ಏ, ಅವರಿಗೆ ಇನ್ನೊಂದ ಹೋಳಿಗಿ ಹಾಕ್ರೆ! ತುಪ್ಪ ಹಚ್ಚಿ ಹಾಕ್ರಿ."

"ಇದು ಕಲಾ ಐತ್ರಿ!" ನಮ್ಮವರು ಎದ್ದು ನಿಂತರು. ಅವರಿಗೂ ಮಾನವಿದೆ. "ಒಂದನ್ನ ಹಿಡದು ಉಳದದ್ದನ್ನ ಬಿಡೂದು! ಒಂದು ಪಾಯಿಂಟ್ ನಾಲ್ಕರಾಗ ಹಂಗ!"

"ನಿಮ್ಮ ಒಂದು ಪಾಯಿಂಟ್ ನಾಲ್ಕರಾಗ ನಮ್ಮವರು ಒಂದೂವರಿ ಮಂದಿಯರ ಬರಬೇಕಲ್ಲರಿ? ಯಾರನ್ನ ಹಿಡೀಬೇಕು, ಯಾರನ್ನ ಬಿಡಬೇಕು ಅನ್ನೂದು ಹೆಣ್ಣ ಕೊಟ್ಟವರಿಗೆ ಗೊತ್ತಿರಬೇಕು!"

ಗೋಡೆಯ ಹತ್ತಿರದಿಂದ ಶಟ್ಟೆವ್ವನ ದನಿ ಬಂತು. "ಮೊದಲ ಆ ಡಾಕ್ಟರನ ಕಣ್ಣ ತೋರಸ್ರೆವ್ವಾ. ಮೂಗಿಗೆ ಮೂಗ ಹಚ್ಚಿ ನೋಡಿದ್ರೂ ಮಬ್ಬ ಐತಿ ಅಂತಾನ."

ಅಷ್ಟು ಓದಿದ ನನಗೆ ಹೊಳೆಯದ್ದು ಅರ್ಧ ಕಣ್ಣಿನ ಆ ಮುದುಕಿಗೆ ಹೊಳೆದಿತ್ತು. ಆದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುರುಬಸವ್ವನವರು ತಲೆಬಾಗಿಲಿಗೆ ನಡೆದು ವಿಜಯಳ ಚೀಲವನ್ನು ಎತ್ತಿ ಒಳಗಿನ ಕೋಣೆಗೆ ಇಟ್ಟು ಬಂದರು.

"ನಮ್ಮ ಬಳಗದ ಒಂದ ಫೋಟೋ ಸರಿ ಬರೂತನಕಾ ಸೊಸಿ ಈ ಹೊಸ್ತಿಲ ದಾಟೂದಿಲ್ಲ. ಎಂಟ ಬೀಳ್ಲಿ, ಒಂಬತ್ತ ಬೀಳ್ಲಿ."

ವಿಜಯ ಹೂವಿನ ಭಾರಕ್ಕೆ ತಲೆ ತಗ್ಗಿಸಿ ಕೂತಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟು ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಮಕ್ತುಮಬಿ ಅವಳ ಪಕ್ಕಕ್ಕೆ ಸರಿದು, ಕೈಯೊಳಗೆ ಕೈಯಿಟ್ಟು, ಸೆರಗಿನ ಗಂಟಿನಿಂದ ಒಂದು ಬೆಲ್ಲದ ಚೂರು ತೆಗೆದು ಅವಳ ಬಾಯಿಗೆ ಹಾಕಿದರು. ನಾನು ನಮ್ಮವರ ಕಡೆ ನೋಡಿದೆ. ಆ ನೋಟದ ಫೋಟೋ ತೆಗೆದಿದ್ದರೆ ಅದು ಯಾವ ಲೆನ್ಸಿನಲ್ಲೂ ಸ್ಪಷ್ಟವಾಗಿಯೇ ಬರುತ್ತಿತ್ತು.

"ಆತ್ರಿ" ಎಂದರು ನಮ್ಮವರು, ಸಣ್ಣ ದನಿಯಲ್ಲಿ. "ಈಗ ಮತ್ತ ತಗೀತೇನಿ. ನಿಮಗ ಬೇಕಾದಂಗ ತಗೀತೇನಿ."

"ಲೈಟ್ ಹಚ್ಚಿ ತಗೀಬೇಕು."

"ಹಚ್ರಿ."

"ಎಲ್ಲಾ ಹಚ್ಚತೇನಿ!"

ಹಚ್ಚಿದರು. ಸಂದೀಪ ಕಾರ್ಡನ್ನು ಕ್ಯಾಮರಾಕ್ಕೆ ಮರಳಿ ಹಾಕಿಕೊಟ್ಟು ಮಿಣಮಿಣಗಳನ್ನೆಲ್ಲ ಮತ್ತೆ ಹತ್ತಿಸಿದ. ಟ್ಯೂಬುಗಳು, ದೇವರ ಕೋಣೆಯ ಬಲ್ಬು, ದನದ ಕೊಟ್ಟಿಗೆಯ ಬಲ್ಬು ಎಲ್ಲ ಬಂದವು. ಟಿವಿ ಇದ್ದೇ ಇತ್ತು. ಅಷ್ಟಕ್ಕೂ ಗುರುಬಸವ್ವನವರ ಸಿಟ್ಟು ಇಳಿಯಲಿಲ್ಲ. ರಾತ್ರಿ ಗೋವಿನಜೋಳದ ರಾಶಿ ಮಾಡುವಾಗ ಹೊಲದಲ್ಲಿ ಉರಿಸುವ ದೊಡ್ಡ ಹ್ಯಾಲೋಜನ್ ದೀಪಗಳನ್ನು ಅಟ್ಟದಿಂದ ಇಳಿಸಿದರು.

"ಅಷ್ಟ ಲೋಡ್ ತಡಿಯೂದಿಲ್ರಿ" ಎಂದರು ನಮ್ಮವರು.

"ನಮ್ಮ ಮನಿ ಏನ್ ತಡೀತೈತಿ, ಏನ್ ತಡಿಯೂದಿಲ್ಲ ಅಂತ ನೀವು ಹೇಳಬ್ಯಾಡ್ರಿ!"

ಹ್ಯಾಲೋಜನ್ ಹತ್ತಿದ ಕ್ಷಣ ಮನೆಗೆ ಮಧ್ಯಾಹ್ನವಾಯಿತು. ಬಳಗ ಕಣ್ಣು ಕಿರಿದು ಮಾಡಿ ಸಾಲಾಗಿ ನಿಂತಿತು. ನಮ್ಮವರು ಕ್ಯಾಮರಾ ಎತ್ತಿದರು. ಮೂಲೆಯಲ್ಲಿ ಚಟಾರ್ ಎಂದಿತು.

ಕತ್ತಲೆ. ಕೊಟ್ಟಿಗೆಯವರೆಗೂ ಕತ್ತಲೆ.

"ಈಗ ಕರೆಂಟೂ ತಗದ್ರಿ!" ಕತ್ತಲೆಯೊಳಗಿನಿಂದ ಗುರುಬಸವ್ವನವರ ದನಿ.

"ನಾನಲ್ರೀ! ನಿಮ್ಮ ಫ್ಯೂಜ್ ಹೋತು!" ಎಂದರು ನಮ್ಮವರು. ಅವರ ದನಿ ಬದಲಾಗಿತ್ತು. ವರ್ಷಗಳ ಮೇಲೆ ಆ ದನಿ ಕೇಳಿದೆ. "ಮೇನ್ ಎಲ್ಲೈತಿ? ಸಂದೀಪಾ, ಸ್ಟೂಲ್ ತಗೊಂಬಾ. ತಂತಿ ತಗೊಂಬಾ. ಯಾರೂ ಏನೂ ಮುಟ್ಟಬ್ಯಾಡ್ರಿ." ಕ್ಯಾಮರಾವನ್ನು ತಡಕಾಡಿ ನನ್ನ ಕೈಗೆ ಕೊಟ್ಟರು. "ಇದನ್ನ ಹಿಡಿ. ಜ್ವಾಕಿ."

ಆರತಿ ತಟ್ಟೆಯಲ್ಲಿ ತುಪ್ಪದ ದೀಪ ಇನ್ನೂ ಉರಿಯುತ್ತಿತ್ತು. ಗುರುಬಸವ್ವನವರು ಅದನ್ನೇ ಎತ್ತಿಕೊಂಡು ಹೋಗಿ ಸ್ಟೂಲಿನ ಪಕ್ಕ ನಿಂತರು. ನಮ್ಮವರು ಸ್ಟೂಲು ಹತ್ತಿ, ಮೇನ್ ತೆಗೆದು, ತಂತಿ ಹಲ್ಲಿನಲ್ಲಿ ಕಚ್ಚಿ, ಜೇಬಿಗೆ ಕೈಹಾಕಿ ಕನ್ನಡಕ ತೆಗೆದು ಹಾಕಿಕೊಂಡರು.

ನನ್ನ ಸಹನೆಯ ಕಟ್ಟೆ ಅಲ್ಲಿ ಒಡೆಯಿತು. "ಫ್ಯೂಜಿನ ತಂ‌ತಿ ನೋಡಾಕ ಕನ್ನಡಕ ಬೇಕು! ಹಡದ ಮಗಳ ಮಾರಿ ನೋಡಾಕ ಬ್ಯಾಡೇನ್ರಿ?"

ಬಾಯಲ್ಲಿ ತಂತಿ ಇದ್ದುದರಿಂದ ಅವರು ಉತ್ತರಿಸಲಿಲ್ಲ. ಗುರುಬಸವ್ವನವರು ನನ್ನ ಪರವಾಗಿ ಬೈಗುಳ ಮುಂದುವರಿಸಿದರು. "ಫೋಟೋದಾಗ ಮಂದೀನ ಮಂಜ ಮಾಡಿದ್ರಿ, ಈಗ ಮನಿ ಕತ್ತಲ ಮಾಡಿದ್ರಿ. ಈ ವಯಸ್ಸಿನ್ಯಾಗ ಸ್ಟೂಲ್ ಹತ್ತೂದ ಬೇಕಿತ್ತೇನ? ಮೇನ್ ತಗದೀರಿ ಹೌದಲ್ಲೋ? ಜ್ವಾಕಿ! ಸಂದೀಪಾ, ಮಾವನ ಕಾಲ ಹಿಡಕೋ!"

ಆಗ ನಾನು ಕಂಡೆ. ಗಾಳಿಗೆ ದೀಪ ವಾಲಿದಾಗ ಗುರುಬಸವ್ವನವರು ಎಡಗೈ ಮರೆ ಮಾಡಿದ್ದರು. ವಾಲಿದ ದೀಪದಿಂದ ಕಾದ ತುಪ್ಪ ಅವರ ಮಣಿಕಟ್ಟಿನ ಮೇಲೆ ಹನಿಯುತ್ತಿತ್ತು. ಬಾಯಿ ನಿಲ್ಲಲಿಲ್ಲ; ತಟ್ಟೆಯೂ ಇಳಿಯಲಿಲ್ಲ. ಮೇಲೆ ತಂತಿ ಸುತ್ತುತ್ತಿದ್ದ ಕೈಗಳಿಗೆ ಬೆಳಕು ತಪ್ಪಬಾರದೆಂದು ಆ ಹೆಂಗಸು ತುಪ್ಪ ಸುಡಿಸಿಕೊಳ್ಳುತ್ತ, ಬೈಯುತ್ತ, ಮುಖ ಮೇಲೆತ್ತಿ ನಿಂತಿದ್ದರು. ಅವರ ಹಿಂದೆ ವಿಜಯ ಎದ್ದು ಬಂದು ಅತ್ತೆಯ ಬೆನ್ನಿಗೆ ಕೈಯಿಟ್ಟಿದ್ದಳು.

ಕ್ಯಾಮರಾ ನನ್ನ ಕೈಯಲ್ಲಿತ್ತು. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು, ಯಾವಾಗಲೂ ಇರುವಂತೆ. ಎಡಕ್ಕ ತಿರುವಿದ್ರ ದೂರ, ಬಲಕ್ಕ ತಿರುವಿದ್ರ ಹತ್ರ. ಎಷ್ಟು ರೊಟ್ಟಿ ಸುಟ್ಟು ಕಲಿತ ವಿದ್ಯೆ! ಗುರುಬಸವ್ವನವರ ಹಣೆಯ ವಿಭೂತಿ ಗೆರೆ ಗೆರೆಯಾಗಿ ಕಾಣುವವರೆಗೆ ತಿರುವಿದೆ. ಗುಂಡಿ ಒತ್ತಿದೆ.

ಲೈಟು ಬಂದವು. ಹ್ಯಾಲೋಜನ್ ಹಚ್ಚಲು ಯಾರೂ ಹೋಗಲಿಲ್ಲ. ನಮ್ಮವರು ಇಳಿದರು, ಬೆವರು ಒರೆಸಿಕೊಂಡರು. ಸಂದೀಪ ಕುತೂಹಲಕ್ಕೆಂದು ಕಾರ್ಡನ್ನು ಮತ್ತೆ ಟಿವಿಗೆ ಹಾಕಿದ.

ಓಣಿ ಮುಂದಕ್ಕೆ ಜರುಗಿ ಕೂತಿತು. ಕಪ್ಪು ಕತ್ತಲೆಯ ನಡುವೆ ಬಂಗಾರದ ಬೆಳಕು. ಬೆಳಕಿನಲ್ಲಿ ಗುರುಬಸವ್ವನವರು, ವಿಭೂತಿ, ಮೂಗುತಿ, ಬೈಯಲು ಅರ್ಧ ತೆರೆದ ಬಾಯಿ, ಮಣಿಕಟ್ಟಿನ ಮೇಲೆ ಹೊಳೆಯುವ ತುಪ್ಪ. ಭುಜದ ಹಿಂದೆ ಸ್ವಲ್ಪ ಮೆತ್ತಗೆ ವಿಜಯಳ ಮುಖ.

ಗುರುಬಸವ್ವನವರು ಟಿವಿಯ ಹತ್ತಿರ ಹೋಗಿ ನೋಡಿದರು. ಸೆರಗಿನಿಂದ ಮಣಿಕಟ್ಟು ಮುಚ್ಚಿಕೊಂಡರು.

"ಇದರಾಗ ನಾ ತೆಳ್ಳಗ ಕಾಣ್ತೇನಲ್ಲ?"

"ನಡಕ ಇದ್ದೀರಲ್ಲ ಅಕ್ಕಾರ" ಎಂದೆ ನಾನು. "ನಿಮ್ಮ ಮನ್ಯಾಗ ನೀವ ನಡಕ ಇರಬೇಕು."

"ಬಳಗ?"

"ಬಳಗ ಅಂದ್ರ ನೀವ ಅಲ್ಲೇನ್ರಿ?" ಎಂದರು ಮಕ್ತುಮಬಿ, ಮೆಲ್ಲಗೆ.

ಓಣಿಯಲ್ಲಿ ಯಾರೂ ಇಲ್ಲವೆನ್ನಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ಗುರುಬಸವ್ವನವರು ಒಳಗೆ ಹೋದರು. ಬರುವಾಗ ಕೈಯಲ್ಲಿ ವಿಜಯಳ ಚೀಲವಿತ್ತು, ಹೋಗುವಾಗಿನದಕ್ಕಿಂತ ದಪ್ಪವಾಗಿತ್ತು. ಒಂದು ಡಬ್ಬಿ ತುಪ್ಪ ಸೇರಿತ್ತು. "ಬಾಣಂತನದ ಫೋಟೋನೂ ನೀವ ತಗೀಬೇಕ್ರಿ ಅಕ್ಕಾರ. ಕಬೂಲ್ ಆದ್ರ ಕರಕೊಂಡ ಹೋಗ್ರಿ."

"ಕಬೂಲ್" ಎಂದೆ.

ಶಟ್ಟೆವ್ವನ ಕಾಲಿಗೆ ವಿಜಯ ನಮಸ್ಕರಿಸಿದಾಗ ಅವರು ತಲೆ ಸವರಿ, "ಡಾಕ್ಟರಗ ಹೇಳವ್ವಾ, ಕಣ್ಣ ಈಗ ತಣ್ಣಗೈತಿ ಅಂತ" ಎಂದರು.

ಡಾಕ್ಟರರು ಮಾತ್ರ ಟಿವಿಯ ಮುಂದಿನಿಂದ ಕದಲಿರಲಿಲ್ಲ. "ನಾ ಎಲ್ಲಿದ್ದೇನಿ ಇದರಾಗ?" ಎಂದು ಕೇಳುತ್ತಿದ್ದರು. ಸಂದೀಪ ಅಂಚಿನ ಕಡೆ ಬೆರಳು ಮಾಡಿದ. ಅಲ್ಲಿ ಒಂದು ಉದ್ದನೆಯ, ಎಳೆದಂಥ, ಮಬ್ಬಾದ ಆಕೃತಿ ಚಿತ್ರದ ತಳದಿಂದ ಹೊರಟು ಮೇಲೆ ಹೋಗುತ್ತಲೇ ಇತ್ತು. ಮೇಲ್ತುದಿಯಲ್ಲಿ ಎರಡು ಕೈ, ಒಂದಿಷ್ಟು ತಂತಿ. "ಇದು ಅನ್ಯಾಯ" ಎಂದರು ನಮ್ಮವರು. "ಲೆನ್ಸ್ ನಂದು! ಫ್ಯೂಜ್ ಕಟ್ಟಿದಾಂವ ನಾನು! ನನ್ನ ಮಂಜ ಮಾಡ್ಯಾಳ!"

"ಅಂಚಿಗೆ ನಿಂತ್ರ ಹಂಗ ಆಕ್ಕೈತ್ರಿ" ಎಂದರು ಗುರುಬಸವ್ವನವರು.

ಮೊಮ್ಮಗಳಿಗೆ ಈಗ ಹಲ್ಲು ಬಂದಿವೆ. ಅಡುಗೆಮನೆಯ ಟ್ಯೂಬ್‌ಲೈಟು ಹೊತ್ತಿಗೆ ಸರಿಯಾಗಿ ಹತ್ತುತ್ತದೆ, ನಮ್ಮವರು ಹೊಸ ನಂಬರಿನ ಕನ್ನಡಕ ಹಾಕಿಯೇ ಲೆನ್ಸು ಮುಟ್ಟುತ್ತಾರೆ, ಆದರೂ ಮಕ್ತುಮಬಿಯವರ ಮನೆಯಲ್ಲಿ ಯಾಕೋ ರೊಟ್ಟಿ ಆಗಾಗ ಜಾಸ್ತಿಯಾಗುತ್ತಲೇ ಇವೆ. ಆ ಫೋಟೋ ಮನೋಳಿಯ ಪಡಸಾಲೆಯಲ್ಲಿ ಗಾಜಿನ ಚೌಕಟ್ಟಿನಲ್ಲಿದೆ. ಹೋದ ವಾರ ನಾವು ಅಲ್ಲಿದ್ದಾಗ ಯಾರೋ ದೂರದ ನೆಂಟರು ಬಂದಿದ್ದರು. ಗುರುಬಸವ್ವನವರನ್ನು ನೋಡಿ ಹೊಗಳಿದರು, ವಿಜಯಳನ್ನು ನೋಡಿ ಹೊಗಳಿದರು, ಆಮೇಲೆ ಅಂಚಿಗೆ ಬೆರಳಿಟ್ಟರು.

"ಮನಿಯೊಳಗ ಯಾಕ್ರಿ ಕರೆಂಟ್ ಕಂಬ ನಟ್ಟಾರ?"

ನಮ್ಮವರು ಚಹಾದ ಕಪ್ಪನ್ನು ಕುಕ್ಕಿ ಇಟ್ಟರು.

"ಕಂಬ ಅಲ್ರಿ ಅದು" ಎಂದರು ಗುರುಬಸವ್ವನವರು, ನಮ್ಮವರ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸುತ್ತ. "ನಮ್ಮ ಬೀಗರು. ಫೋಟೋ ತಗಿಯಾಕ ಬಂದಿದ್ರು."